ಕಾಯುವ ಕೆಲಸ

ನಮ್ಮ ಮನೆಯಲ್ಲಿ ಕಾಯುವ ವಿದ್ಯೆ ಬಾರದವಳು ನಾನೊಬ್ಬಳೇ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ. ಅಷ್ಟರಲ್ಲಿ ಎರಡು ಉತ್ತರಪತ್ರಿಕೆಗಳನ್ನು ತಿದ್ದಿ ಬರೋಣವೆಂದು ಕೋಣೆಗೆ ಹೋಗುತ್ತೇನೆ, ಹಾಲು ಒಲೆಯ ಪಾಲಾಗುತ್ತದೆ. ಸಿಟಿ ಬಸ್ಸಿಗೆಂದು ಐದು ನಿಮಿಷ ನಿಂತರೆ ಸಾಕು, ಇಷ್ಟು ಹೊತ್ತಿಗೆ ನಡೆದೇ ಸರಸ್ವತಿಪುರಂ ಸೇರಬಹುದಾಗಿತ್ತಲ್ಲ ಎನ್ನಿಸಿ ನಡೆಯತೊಡಗುತ್ತೇನೆ. ಅರ್ಧ ದಾರಿಯಲ್ಲಿ ಬಸ್ಸು ನನ್ನನ್ನು ದಾಟಿಕೊಂಡು ಹೋಗುತ್ತದೆ. ಜಂಬೂಸವಾರಿ ನೋಡಲು ಬೆಳಗಿನಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿದು ಕುಳಿತು, ಅಂಬಾರಿಯ ಆನೆ ಬರುವ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಎದ್ದು ಹೋದ ಕೀರ್ತಿಯೂ ನನ್ನದೇ. ನಮ್ಮ ಅತ್ತೆಯವರು ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಕಾಫಿಯೊಡನೆ ಹಂಚುತ್ತಾರೆ.

ಇಂಥ ನನಗೆ 2019ರಿಂದೀಚೆಗೆ ಒದಗಿಬಂದಿರುವ ಕೆಲಸವೆಂದರೆ ಕಾಯುವುದೇ. ಯಾವುದಕ್ಕಾಗಿ ಎಂದು ಹೇಳಲು ಸ್ವಲ್ಪ ಸಂಕೋಚ. ಹೃದಯದ ಬೇನೆಯಾದರೆ ಹೇಳಿಕೊಳ್ಳುವುದರಲ್ಲಿ ಒಂದು ಘನತೆಯಿದೆ. ಮಂಡಿನೋವನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅಪರಿಚಿತರೊಡನೆಯೂ ಹಂಚಿಕೊಳ್ಳಬಹುದು. ಹೆಂಗಸಿನ ಒಡಲಿನ ಕೆಲವು ಭಾಗಗಳಿಗೆ ಮಾತ್ರ ಮನೆಮಾತಿನಲ್ಲಿ ಹೆಸರೇ ಇಲ್ಲ. ‘ಒಳಗಡೆ’, ‘ಕೆಳಗಡೆ’, ‘ಆ ತೊಂದರೆ’ ಎಂದು ದಿಕ್ಕು ತೋರಿಸಿ ಸುಮ್ಮನಾಗುತ್ತೇವೆ. ಆದರೆ ವೈದ್ಯರು ಬಳಸುವ ಕನ್ನಡ ಹೆಸರು ಚೆನ್ನಾಗಿಯೇ ಇದೆ: ಗರ್ಭಕೊರಳು. ಗರ್ಭಕೋಶಕ್ಕೂ ಒಂದು ಕೊರಳಿದೆ. ಆ ಕೊರಳಿನ ಚರ್ಮದಲ್ಲಿ ಕೆಲವು ಜೀವಕೋಶಗಳು ನನ್ನಲ್ಲಿ ದಾರಿತಪ್ಪಿದವು. ಅವು ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟರೆ ಮುಂದೆಂದಾದರೂ ಆಗಬಹುದಾದುವು. ಚಿಕಿತ್ಸೆಯಾಯಿತು, ಹೋದವು. ಮತ್ತೆ ಬಂದವು. ಈ ‘ಮತ್ತೆ’ ಎಂಬುದರ ಬಗೆಗೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸಂಕೋಚವನ್ನು ಬಿಡಲು ನನಗೊಂದು ಕಾರಣವುಂಟು. ತಿರುಮಕೂಡಲು ನರಸೀಪುರದ ಬಳಿಯ ಹಳ್ಳಿಯಲ್ಲಿ ನನ್ನ ದೊಡ್ಡಮ್ಮ ಇದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಗೆ ರಜಕ್ಕೆ ಹೋದರೆ, ಅವರು ಅಡಿಗೆಮನೆ ಬಿಟ್ಟು ಹಿತ್ತಲ ಕೋಣೆ ಸೇರಿದ್ದರು. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತಂತೆ. ‘ಉಷ್ಣ’ ಎಂದು ಮಜ್ಜಿಗೆ ಕುಡಿದರು, ಗಸಗಸೆ ಅರೆದು ಕುಡಿದರು. ಯಾರೊಡನೆಯೂ ಬಾಯಿಬಿಡಲಿಲ್ಲ. ಕೊನೆಗೆ ವಾಸನೆಯೇ ಅವರ ಪರವಾಗಿ ಮಾತನಾಡಿತು. ಆಸ್ಪತ್ರೆಗೆ ಕರೆತರುವ ಹೊತ್ತಿಗೆ ವೈದ್ಯರು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಆ ಕೋಣೆಯ ಬಾಗಿಲಲ್ಲಿ ಹಚ್ಚಿಟ್ಟ ಊದುಬತ್ತಿಯ ಸಾಲನ್ನು ನಾನು ಇಂದಿಗೂ ಮರೆತಿಲ್ಲ. ಅವರು ಕಾಯದೆ ಇರಲಿಲ್ಲ. ತಾನಾಗಿಯೇ ಹೋಗಲೆಂದು ಎರಡು ವರ್ಷ ಕಾದರು. ಆ ಬಗೆಯ ಕಾಯುವಿಕೆ ನಮ್ಮ ಹೆಂಗಸರಿಗೆ ಹೊಸದಲ್ಲ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರ್ ಬಂತು. ಸುಮಾರು 80,000 ಮಂದಿ ಅದರಿಂದ ತೀರಿಕೊಂಡರು.

ನಾನು ಪರೀಕ್ಷೆಗೆ ಹೋದದ್ದು ಜ್ಞಾನೋದಯದಿಂದಲ್ಲ, ಸಹೋದ್ಯೋಗಿಯೊಬ್ಬರ ಕಾಟ ತಾಳಲಾರದೆ. ನಾನು ಕನ್ನಡ ಪಾಠ ಹೇಳುವವಳು, ಅವರು ವಿಜ್ಞಾನ. ‘ನಿಮಗೆ ಮೂವತ್ತೊಂಬತ್ತು ತುಂಬಿತು, ಒಮ್ಮೆಯಾದರೂ ಪ್ಯಾಪ್ ಪರೀಕ್ಷೆ ಮಾಡಿಸಿದ್ದೀರಾ?’ ಎಂದು ದಿನವೂ ಸ್ಟಾಫ್ ರೂಮಿನಲ್ಲಿ ಕೇಳಿದರೆ ಯಾರು ತಾನೆ ಸೋಲದೆ ಇದ್ದಾರು? ಹೋದೆ. ಒಂದು ಸಣ್ಣ ಕುಂಚ, ಅರೆ ನಿಮಿಷದ ಇರಸುಮುರಸು, ಅಷ್ಟೇ.

‘ಪ್ಯಾಪ್’ ಎಂಬುದು ಒಬ್ಬ ಮನುಷ್ಯನ ಹೆಸರಿನ ತುಂಡೆಂದು ಆಮೇಲೆ ತಿಳಿಯಿತು. ಜಾರ್ಜ್ ಪಾಪನಿಕೊಲಾವ್ ಗ್ರೀಸ್ ದೇಶದವನು. 1913ರಲ್ಲಿ ಹೆಂಡತಿಯೊಡನೆ ನ್ಯೂಯಾರ್ಕ್ ಸೇರಿದ. ಗಿನಿಯಿಲಿಗಳ ಮೇಲೆ ಆರಂಭವಾದ ಅವನ ಸಂಶೋಧನೆ ಹೆಂಗಸರವರೆಗೆ ಬಂದಾಗ ಮೊದಲು ಸಿಕ್ಕವಳು ಹೆಂಡತಿ ಆಂಡ್ರೊಮಾಕಿ. ಆಕೆ ಅವನ ಪ್ರಯೋಗಶಾಲೆಯಲ್ಲೇ ದುಡಿಯುತ್ತ, ಸುಮಾರು ಇಪ್ಪತ್ತು ವರ್ಷ ತನ್ನ ಮಾದರಿಗಳನ್ನು ಕೊಡುತ್ತ ಬಂದಳು. 1928ರಲ್ಲಿ ಆತ ಜೀವಕೋಶಗಳನ್ನು ನೋಡಿಯೇ ಕ್ಯಾನ್ಸರನ್ನು ಗುರುತಿಸಬಹುದೆಂದಾಗ ಯಾರೂ ಕಿವಿಗೊಡಲಿಲ್ಲ. 1941ರಲ್ಲಿ ಹರ್ಬರ್ಟ್ ಟ್ರೌಟ್ ಎಂಬ ವೈದ್ಯನೊಡನೆ ಮತ್ತೆ ಬರೆದಾಗ ಲೋಕ ಕೇಳಿತು. ಪರೀಕ್ಷೆಗೆ ಗಂಡನ ಹೆಸರು ನಿಂತಿತು. ಆಂಡ್ರೊಮಾಕಿಯನ್ನು ನೆನೆದರೆ, ವರ್ಷಕ್ಕೊಮ್ಮೆ ಆ ಮಂಚ ಹತ್ತಲು ಗೊಣಗುವ ನನಗೆ ನಾಚಿಕೆಯಾಗುತ್ತದೆ.

ಹದಿನೈದು ದಿನಕ್ಕೆ ವರದಿ ಬಂತು. ಜೀವಕೋಶಗಳಲ್ಲಿ ಅಲ್ಪ ಬದಲಾವಣೆ, ಜೊತೆಗೆ ಎಚ್.ಪಿ.ವಿ. ಎಂಬ ವೈರಾಣು, ಅದರಲ್ಲೂ 16ನೆಯ ಬಗೆಯದು, ಇದೆ ಎಂದಿತ್ತು. ರಾತ್ರಿ ಊಟವಾದ ಮೇಲೆ ಯಜಮಾನರೂ ನಾನೂ ಆ ಕಾಗದವನ್ನು ನಡುವೆ ಇಟ್ಟುಕೊಂಡು ಕುಳಿತೆವು. ಅದು ಗಂಡುಹೆಣ್ಣಿನ ಕೂಟದಿಂದ ಹರಡುವ ವೈರಾಣು ಎಂದು ಅವರ ಫೋನು ತಿಳಿಸಿತು. ಅವರು ಏನನ್ನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದಿದ್ದ ಆ ಪ್ರಶ್ನೆ ಮೂರು ದಿನ ನಮ್ಮಿಬ್ಬರ ನಡುವೆ ಮಲಗಿತ್ತು. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ನಾವು ಜಗಳವಾಡಿದ್ದೆವು, ಮಾತು ಬಿಟ್ಟಿದ್ದೆವು. ಆದರೆ ಒಬ್ಬರನ್ನೊಬ್ಬರು ಲೆಕ್ಕಹಾಕುತ್ತ ಕುಳಿತದ್ದು ಅದೇ ಮೊದಲು. ರೋಗಕ್ಕಿಂತ ಆ ಮೂರು ದಿನವೇ ನನಗೆ ಹೆಚ್ಚು ಕಷ್ಟವಾಯಿತೆಂದರೆ ಸುಳ್ಳಲ್ಲ.

ನಾಲ್ಕನೆಯ ದಿನ ಇಬ್ಬರೂ ವೈದ್ಯೆಯ ಮುಂದೆ ಕುಳಿತೆವು. ಆಕೆ ನಮ್ಮ ಮುಖ ನೋಡಿಯೇ ವಿಷಯವನ್ನು ಊಹಿಸಿರಬೇಕು. ‘ನೋಡಿ, ಮದುವೆಯಾದ ಗಂಡಸರು ಹೆಂಗಸರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆ ಇದು ತಗಲುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಗೆ ಎರಡು ವರ್ಷದೊಳಗೆ ತಾನೇ ಹೋಗುತ್ತದೆ, ಬಂದದ್ದೂ ತಿಳಿಯುವುದಿಲ್ಲ. ಕೆಲವರಲ್ಲಿ ವರ್ಷಗಟ್ಟಲೆ ಅಡಗಿದ್ದು ಆಮೇಲೆ ತಲೆಯೆತ್ತುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವ ಪರೀಕ್ಷೆ ಲೋಕದಲ್ಲಿಲ್ಲ. ಇದು ನೆಗಡಿಯ ಹಾಗೆ; ನಡತೆಯ ಸರ್ಟಿಫಿಕೇಟು ಅಲ್ಲ’ ಎಂದರು. ಹೊರಗೆ ಬಂದಾಗ ಯಜಮಾನರು ಎರಡು ಮೊಳ ಮೈಸೂರು ಮಲ್ಲಿಗೆ ಕೊಂಡುಕೊಟ್ಟರು. ಅವರು ಕ್ಷಮೆ ಕೇಳಿದ್ದು ಹಾಗೆ. ನಾನು ಮುಡಿದು ಕೇಳಿದೆ.

ಈ ವೈರಾಣುವಿಗೂ ಗರ್ಭಕೊರಳಿನ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟವರು ಜರ್ಮನಿಯ ಹರಾಲ್ಡ್ ಸುರ್ ಹೌಸನ್. ಅವರು 1983ರಲ್ಲಿ 16ನೆಯ ಬಗೆಯನ್ನೂ ಮರುವರ್ಷ 18ನೆಯದನ್ನೂ ಕ್ಯಾನ್ಸರ್ ಗೆಡ್ಡೆಗಳಲ್ಲಿ ಕಂಡರು. 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈ ಎರಡು ಬಗೆಗಳೇ ನೂರಕ್ಕೆ ಸುಮಾರು ಎಪ್ಪತ್ತು ಕ್ಯಾನ್ಸರುಗಳಿಗೆ ಮೂಲ. ನನಗೆ ಬಂದು ಕುಳಿತದ್ದು ಆ ಇಬ್ಬರಲ್ಲಿ ಹಿರಿಯಣ್ಣ.

ಮುಂದಿನ ಪರೀಕ್ಷೆಗೆ ಬೇಕಾದ ಸಾಮಗ್ರಿಯನ್ನು ಕೇಳಿದರೆ ನೀವು ನಕ್ಕೀರಿ: ವಿನಿಗರ್. ಈರುಳ್ಳಿಗೆ ಹಾಕುವ ಅದೇ ಹುಳಿ, ನೀರಿನಲ್ಲಿ ಬೆರೆಸಿದ್ದು. ಅದನ್ನು ಗರ್ಭಕೊರಳಿಗೆ ಸವರಿ ಒಂದು ನಿಮಿಷ ಬಿಟ್ಟರೆ, ದಾರಿತಪ್ಪಿದ ಜಾಗ ಬೆಳ್ಳಗಾಗುತ್ತದೆ. ಕಾಲ್ಪೊಸ್ಕೋಪ್ ಎಂಬ ದುರ್ಬೀನಿನಂಥ ಯಂತ್ರದಿಂದ ಅದನ್ನು ದೊಡ್ಡದಾಗಿ ಕಂಡು, ಅಕ್ಕಿಕಾಳಿನಷ್ಟು ಚೂರನ್ನು ಕಿತ್ತು ಬಯಾಪ್ಸಿಗೆ ಕಳಿಸುತ್ತಾರೆ. ಚರ್ಮದ ದಪ್ಪದ ಮೂರರಲ್ಲಿ ಒಂದು ಪಾಲು ಕೆಟ್ಟಿದ್ದರೆ ಮೊದಲನೆಯ ದರ್ಜೆ, ಎರಡು ಪಾಲಾದರೆ ಎರಡನೆಯದು, ಅದಕ್ಕೂ ಮೀರಿದರೆ ಮೂರನೆಯದು. ಪರೀಕ್ಷೆಯಲ್ಲಿ ದರ್ಜೆ ಹೆಚ್ಚಲೆಂದು ಮಕ್ಕಳಿಗೆ ಹೇಳುವ ಮೇಷ್ಟ್ರುಗಳಲ್ಲಿ, ಮೊದಲ ದರ್ಜೆಯಲ್ಲೇ ಉಳಿದರೆ ಸಾಕಪ್ಪಾ ಎಂದು ಚಾಮುಂಡಿಗೆ ಹರಕೆ ಹೊತ್ತವಳು ಬಹುಶಃ ನಾನೊಬ್ಬಳೇ. ಉಳಿದೆ. ‘ಈಗ ಏನೂ ಬೇಡ. ಈ ದರ್ಜೆಯದು ಅರ್ಧಕ್ಕಿಂತ ಹೆಚ್ಚು ಮಂದಿಗೆ ತಾನೇ ಮಾಯುತ್ತದೆ. ಒಂದು ವರ್ಷ ಕಾಯೋಣ’ ಎಂದರು ವೈದ್ಯೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಕನ್ನಡ ಮೇಡಂ ಮಾಡಬಾರದ ತಪ್ಪು. ನಮ್ಮ ಭಾಷೆಯಲ್ಲಿ ‘ಕಾಯು’ ಎಂಬುದಕ್ಕೆ ಎರಡು ಅರ್ಥವಿದೆ. ಬಸ್ಸಿಗೆ ಕಾಯುವವನು ಒಬ್ಬ, ದನ ಕಾಯುವವನು ಇನ್ನೊಬ್ಬ. ಮೊದಲನೆಯವನು ಕೈಕಟ್ಟಿ ನಿಂತರೆ ಸಾಕು. ಎರಡನೆಯವನು ಕಣ್ಣು ಬಿಟ್ಟುಕೊಂಡಿರಬೇಕು. ವೈದ್ಯೆ ಹೇಳಿದ್ದು ಎರಡನೆಯದನ್ನು, ನಾನು ಹಿಡಿದದ್ದು ಮೊದಲನೆಯದನ್ನು. 2020ರಲ್ಲಿ ಕೊರೋನಾ ಬಂತು, ಊರು ಮುಚ್ಚಿತು. ಆಮೇಲೆ ಊರು ತೆರೆಯಿತು. ನಾನು ಮಾತ್ರ ‘ಆಸ್ಪತ್ರೆಗೆ ಹೋಗಿ ಇಲ್ಲದ್ದನ್ನು ಅಂಟಿಸಿಕೊಳ್ಳುವುದೇಕೆ’ ಎಂಬ ನೆವವನ್ನು ಮುಚ್ಚಲಿಲ್ಲ. ಹೇಗೂ ನೋವಿಲ್ಲ, ರಕ್ತವಿಲ್ಲ. ಈ ಸ್ಥಿತಿಯ ಮೋಸವೇ ಅದು: ಅದು ಏನನ್ನೂ ಹೇಳುವುದಿಲ್ಲ. ಹೋದದ್ದು 2021ರ ಕೊನೆಯಲ್ಲಿ. ಹರಕೆ ಹೊತ್ತ ಚಾಮುಂಡಿ ನನ್ನ ಸೋಮಾರಿತನವನ್ನೂ ನೋಡಿದ್ದಳು. ದರ್ಜೆ ಮೂರಕ್ಕೇರಿತ್ತು.

ಮೂರನೆಯ ದರ್ಜೆಯನ್ನು ಕಾಯುವ ಹಾಗಿಲ್ಲ. ಉಳಿದದ್ದು ಹೇಗೆ ತೆಗೆಯುವುದೆಂಬುದು. ಅನಿಲದಿಂದ ತಣ್ಣಗೆ ಮಾಡಿದ ಲೋಹದ ತುದಿಯಿಂದ ಆ ಜಾಗವನ್ನು ಹೆಪ್ಪುಗಟ್ಟಿಸಿ ಸಾಯಿಸಬಹುದು. ನೂರು ಡಿಗ್ರಿಗೆ ಕಾಯಿಸಿದ ತುದಿಯನ್ನು ಒಂದು ನಿಮಿಷದೊಳಗೆ ಮುಟ್ಟಿಸಿ ಸುಡಬಹುದು. ಇವೆರಡೂ ಅಗ್ಗ, ಸುಲಭ, ಹಳ್ಳಿಯ ಆರೋಗ್ಯಕೇಂದ್ರದಲ್ಲೂ ಆಗುವಂಥವು. ಆದರೆ ಕೆಟ್ಟ ಜಾಗ ಪೂರ್ತಿ ಕಣ್ಣಿಗೆ ಬೀಳುವಂತಿರಬೇಕು; ನನ್ನದು ಕೊರಳಿನ ಒಳದಾರಿಗೆ ಹೊಕ್ಕಿತ್ತು. ಆದ್ದರಿಂದ ನನಗೆ ಹೇಳಿದ್ದು ‘ಲೀಪ್’: ವಿದ್ಯುತ್ತು ಹರಿಯುವ ಸಣ್ಣ ತಂತಿಯ ಕುಣಿಕೆಯಿಂದ, ಮಾವಿನಹಣ್ಣಿನ ತೊಟ್ಟಿನ ಸುತ್ತ ಕೊರೆದು ತೆಗೆಯುವ ಹಾಗೆ, ಆ ಭಾಗವನ್ನು ತೆಗೆಯುವುದು. ಸುಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಕೊರೆದರೆ ತುಂಡು ಕೈಗೆ ಸಿಗುತ್ತದೆ, ಅಂಚಿನವರೆಗೂ ಕೆಟ್ಟಿದೆಯೇ ಎಂದು ನೋಡಬಹುದು. ಅರಿವಳಿಕೆಯ ಚುಚ್ಚುಮದ್ದು, ಕಾಲು ಗಂಟೆಯ ಕೆಲಸ, ಸಂಜೆಗೆ ಮನೆ. ಒಂದು ತಿಂಗಳು ಭಾರ ಎತ್ತಬಾರದೆಂದಿದ್ದರಿಂದ ಯಜಮಾನರು ಕೊಳಾಯಿಯ ಬಿಂದಿಗೆ ಎತ್ತಿದರು. ಇಡೀ ಬೀದಿಗೆ ಅದೊಂದು ದರ್ಶನವಾಯಿತು.

ಆ ದಿನ ಪಕ್ಕದ ಕುರ್ಚಿಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳಿದ್ದಳು, ಎರಡನೆಯ ದರ್ಜೆ. ಅವಳಿಗೆ ತಂತಿಯಿಲ್ಲ, ಕಾಯುವುದೇ ಚಿಕಿತ್ಸೆ ಎಂದರಂತೆ. ನನಗೆ ವಿಚಿತ್ರವಾಗಿ ಕಂಡಿತು. ಆಮೇಲೆ ತಿಳಿಯಿತು: ಎರಡನೆಯ ದರ್ಜೆಯದು ಎರಡು ವರ್ಷದಲ್ಲಿ ಸುಮಾರು ಅರ್ಧ ಮಂದಿಗೆ ತಾನೇ ಹಿಂಜರಿಯುತ್ತದೆ, ಕೊರಳನ್ನು ಕೊರೆದರೆ ಮುಂದೆ ಬಸಿರಾದಾಗ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ಹೆರಬೇಕಾದವಳ ತಕ್ಕಡಿ ಬೇರೆ, ಹೆತ್ತು ಮುಗಿಸಿದವಳ ತಕ್ಕಡಿ ಬೇರೆ. ಒಂದೇ ರೋಗಕ್ಕೆ ಒಂದೇ ಮದ್ದು ಎಂದು ನಾವು ಹೊರಗಿನವರು ತಿಳಿಯುತ್ತೇವೆ. ವೈದ್ಯರು ತೂಗುವುದು ರೋಗವನ್ನಲ್ಲ, ರೋಗದೊಡನೆ ಕುಳಿತ ಮನುಷ್ಯಳನ್ನು.

ಆರು ತಿಂಗಳಿಗೆ ನೋಡಿದರು, ಶುದ್ಧ. ವರ್ಷಕ್ಕೆ ನೋಡಿದರು; ಶುದ್ಧ. ನಾನು ತಲೆಯ ಮೇಲಿನ ಭಾರ ಇಳಿಯಿತೆಂದುಕೊಂಡೆ. 2024ರ ಬೇಸಗೆಯಲ್ಲಿ ಫೋನು ಬಂತು. ಮಾತನಾಡಿದ ಹುಡುಗಿ ಪಾಪ, ‘ಮೇಡಂ, ಮತ್ತೆ ಬಂದಿದೆ’ ಎಂದಳು. ವೈರಾಣುವೂ, ಕೆಟ್ಟ ಜೀವಕೋಶಗಳೂ. ಬಯಾಪ್ಸಿಯಲ್ಲಿ ಎರಡನೆಯ ದರ್ಜೆ. ಮೊದಲ ಬಾರಿ ಭಯಪಟ್ಟಿದ್ದೆ. ಈ ಬಾರಿ ಭಯಕ್ಕಿಂತ ಹೆಚ್ಚಾಗಿ ಅವಮಾನವಾಯಿತು, ಪಾಸಾದ ಪರೀಕ್ಷೆಯಲ್ಲಿ ಮರುವರ್ಷ ಫೇಲಾದ ಹಾಗೆ. ಚಿಕಿತ್ಸೆಯಾದ ನೂರು ಮಂದಿಯಲ್ಲಿ ಐದರಿಂದ ಹದಿನೈದು ಮಂದಿಗೆ ಹೀಗಾಗುತ್ತದಂತೆ. ನೂರರ ಲೆಕ್ಕ ತರಗತಿಯಲ್ಲಿ ಚೆನ್ನ. ನಾವೇ ಆ ಐದರಲ್ಲೊಬ್ಬರಾದಾಗ ಅದು ಲೆಕ್ಕವಾಗಿ ಉಳಿಯುವುದಿಲ್ಲ.

ಆಗ ನಾನು ಹೋದ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ವೈದ್ಯರೊಬ್ಬರು ಕಾಗದವನ್ನು ಎರಡು ನಿಮಿಷ ನೋಡಿ, ‘ಮಕ್ಕಳಾಗಿದೆಯಲ್ಲ, ಇನ್ನೇನು? ಗರ್ಭಕೋಶ ತೆಗೆದುಬಿಡೋಣ. ತಲೆನೋವೇ ಇರುವುದಿಲ್ಲ’ ಎಂದರು. ಮುಂದಿನ ವಾರಕ್ಕೆ ದಿನವನ್ನೂ ಸೂಚಿಸಿದರು. ನಿಜ ಹೇಳುತ್ತೇನೆ, ನನಗೆ ಆ ಮಾತು ಹಿತವಾಗಿಯೇ ಕೇಳಿಸಿತು. ಕಾಯಲಾರದವಳಿಗೆ ‘ತೆಗೆದುಬಿಡೋಣ’ ಎಂಬುದಕ್ಕಿಂತ ಇಂಪಾದ ಮಾತು ಯಾವುದಿದೆ? ನಾದಿನಿ ಹೌದೆಂದಳು. ಪಕ್ಕದ ಮನೆಯವರು ತಮ್ಮ ಮೂವರು ನೆಂಟರು ತೆಗೆಸಿಕೊಂಡು ಗುಂಡುಗುಂಡಾಗಿರುವುದನ್ನು ವರ್ಣಿಸಿದರು. ಬೇಡವೆಂದವರು ಒಬ್ಬರೇ, ನಮ್ಮ ಅತ್ತೆ. ‘ಗಡಿಬಿಡಿಯವಳು ನೀನು. ಆನೆ ಬರೋ ಮುಂಚೆ ಎದ್ದು ಹೋಗಬೇಡ, ಇನ್ನೊಬ್ಬರನ್ನ ಕೇಳು’ ಎಂದರು. ಜಂಬೂಸವಾರಿಯ ಕಥೆ ನನಗೆ ಉಪಕಾರ ಮಾಡಿದ್ದು ಆಗಲೇ.

ಮಕ್ಕಳಿಗೆ ಪ್ರಬಂಧ ಬರೆಸುವಾಗ ಹೇಳುವಂತೆ ನಾನೂ ಒಂದು ನೋಟುಪುಸ್ತಕದಲ್ಲಿ ಎರಡು ಕಡೆ ಗೀಟು ಹಾಕಿ ‘ಪರ’, ‘ವಿರೋಧ’ ಎಂದು ಬರೆಯತೊಡಗಿದೆ. ಬರೆಯುತ್ತ ಓದಿದೆ, ಓದಿದ್ದರಲ್ಲಿ ಎರಡು ಸಂಗತಿಗಳು ನನ್ನನ್ನು ತಡೆದು ನಿಲ್ಲಿಸಿದುವು.

ಒಂದು ನಮ್ಮ ನಾಡಿನದೇ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ಅವರಲ್ಲಿ ಬಹಳ ಮಂದಿ ನಲವತ್ತು ತುಂಬದವರು, ಹೊಟ್ಟೆನೋವೆಂದೋ ಬಿಳಿಸೆರಗೆಂದೋ ಖಾಸಗಿ ಆಸ್ಪತ್ರೆಗಳಿಗೆ ಹೋಗಿ ಗರ್ಭಕೋಶವನ್ನೇ ಕಳೆದುಕೊಂಡು ಬಂದ ಸಂಗತಿ 2015ರಲ್ಲಿ ಬಯಲಿಗೆ ಬಂತು. ಬಿಟ್ಟರೆ ಕ್ಯಾನ್ಸರ್ ಆಗುತ್ತದೆಂಬ ಒಂದು ಮಾತು ಅವರನ್ನು ಒಪ್ಪಿಸಿತ್ತು. ಅವರು ಬೀದಿಗಿಳಿದು ನ್ಯಾಯ ಕೇಳಿದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ನಿಯಮಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆಜ್ಞೆ ಮಾಡಿತು. ಭಯವೆಂಬುದು ಎಷ್ಟು ಹರಿತವಾದ ಕತ್ತಿ ಎಂದು ಆ ಹೆಣ್ಣುಮಕ್ಕಳಿಂದ ನಾನು ಕಲಿತೆ.

ಇನ್ನೊಂದು ಬಹುದೂರದ ನ್ಯೂಜಿಲೆಂಡಿನದು. ಆಕ್ಲೆಂಡಿನ ಹೆಂಗಸರ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಎಂಬ ವೈದ್ಯ, ಮೂರನೆಯ ದರ್ಜೆಯದೂ ಕ್ಯಾನ್ಸರ್ ಆಗಲಾರದೆಂದು ನಂಬಿ, 1966ರಿಂದ ಹಲವು ಹೆಂಗಸರಿಗೆ ಪೂರ್ತಿ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತ ಬಂದ. ತಮ್ಮ ಮೇಲೆ ಇಂಥದೊಂದು ಪ್ರಯೋಗ ನಡೆಯುತ್ತಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಸಾಂಡ್ರಾ ಕೋನಿ, ಫಿಲಿಡಾ ಬಂಕಲ್ ಎಂಬ ಇಬ್ಬರು ಹೆಂಗಸರು 1987ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಬರೆದ ಮೇಲೆ ವಿಚಾರಣೆ ನಡೆಯಿತು. ಆ ಹಳೆಯ ದಾಖಲೆಗಳನ್ನೆಲ್ಲ ಲೆಕ್ಕ ಹಾಕಿ 2008ರಲ್ಲಿ ಪ್ರಕಟಿಸಿದಾಗ ಕಂಡದ್ದಿದು: ಸರಿಯಾದ ಚಿಕಿತ್ಸೆಯಿಲ್ಲದೆ ಬಿಟ್ಟವರಲ್ಲಿ ಮೂವತ್ತು ವರ್ಷದೊಳಗೆ ನೂರಕ್ಕೆ 31 ಮಂದಿಗೆ ಕ್ಯಾನ್ಸರ್ ಬಂತು, ಸರಿಯಾಗಿ ತೆಗೆದವರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಅಂದರೆ, ಮೂರನೆಯ ದರ್ಜೆ ಎಲ್ಲರನ್ನೂ ಕೊಲ್ಲುವುದಿಲ್ಲ. ಆದರೆ ಯಾರನ್ನು ಬಿಡುತ್ತದೆ, ಯಾರನ್ನು ಹಿಡಿಯುತ್ತದೆ ಎಂದು ಮೊದಲೇ ಹೇಳಬಲ್ಲವರಿಲ್ಲ.

ತಾಂಡಾದ ಹೆಂಗಸರಿಗೆ ಬೇಡದ್ದನ್ನು ಮಾಡಿದರು. ಆಕ್ಲೆಂಡಿನವರಿಗೆ ಬೇಕಾದ್ದನ್ನು ಮಾಡಲಿಲ್ಲ. ಎರಡೂ ಕಡೆ ಹೆಂಗಸನ್ನು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದವರಿಲ್ಲ. ನನ್ನ ನೋಟುಪುಸ್ತಕದ ಎರಡು ಕಾಲಮ್ಮುಗಳ ನಡುವಿನ ಗೀಟು ನನಗೆ ಕಂಡದ್ದು ಆಗ.

ಮತ್ತೊಬ್ಬ ವೈದ್ಯೆಯನ್ನು ಕಂಡೆ; ನರೆಗೂದಲಿನ, ಮಾತು ಕಡಮೆಯ ಹೆಂಗಸು. ಆಕೆ ಕೊಟ್ಟದ್ದು ನಲವತ್ತು ನಿಮಿಷ. ಹೇಳಿದ್ದರ ಸಾರಾಂಶ ಹೀಗೆ: ಇನ್ನಾರು ತಿಂಗಳು ನೋಡಬಹುದು, ಆದರೆ ಒಮ್ಮೆ ಮೂರನೆಯ ದರ್ಜೆ ತಲುಪಿ, ತೆಗೆದ ಮೇಲೂ ಮರುಕಳಿಸಿದ್ದಕ್ಕೆ, ಅದೂ 16ನೆಯ ಬಗೆಯ ವೈರಾಣು ಇರುವಾಗ, ಅದು ಜಾಣತನವಲ್ಲ. ಗರ್ಭಕೋಶ ತೆಗೆಯಬಹುದು, ಆದರೆ ಅದಕ್ಕೂ ಮೊದಲು ಒಳಗೆಲ್ಲೂ ಕ್ಯಾನ್ಸರ್ ಅಡಗಿಲ್ಲವೆಂದು ಖಚಿತವಾಗಬೇಕು, ಇದ್ದರೆ ಮಾಡಬೇಕಾದ ಶಸ್ತ್ರಚಿಕಿತ್ಸೆಯೇ ಬೇರೆ. ಖಚಿತಪಡಿಸಿಕೊಳ್ಳಲು ಮತ್ತೆ ಕೊರೆದೇ ನೋಡಬೇಕು. ಕೊರೆದಾಗಲೇ ಎಲ್ಲ ಬಂದುಬಿಟ್ಟರೆ ತೆಗೆಯುವ ಪ್ರಶ್ನೆಯೇ ಏಳುವುದಿಲ್ಲ. ಎರಡನೆಯ ಸಲ ಕೊರೆದರೆ ಕೊರಳು ಗಿಡ್ಡವಾಗುತ್ತದೆ, ದಾರಿ ಕಿರಿದಾಗಲೂಬಹುದು. ಮತ್ತೆ ಮಗು ಬೇಡವೆಂದಾದರೆ ಅದು ತಾಳಬಹುದಾದ ನಷ್ಟ.

‘ತೆಗೆದುಬಿಟ್ಟರೆ ಈ ಪರೀಕ್ಷೆಗಳ ಕಾಟವಾದರೂ ತಪ್ಪುತ್ತದಲ್ಲ?’ ಎಂದೆ. ನನ್ನ ಮನಸ್ಸಿನಲ್ಲಿದ್ದ ನಿಜವಾದ ಆಸೆ ಅದೇ.

‘ಇಲ್ಲಮ್ಮ. ವೈರಾಣು ಗರ್ಭಕೋಶದ ಗುತ್ತಿಗೆ ಹಿಡಿದಿಲ್ಲ. ತೆಗೆದ ಮೇಲೂ ಯೋನಿಯ ಮೇಲ್ತುದಿಯಲ್ಲಿ ಬರಬಹುದು. ಕೊರೆದರೂ ಅಷ್ಟೆ, ತೆಗೆದರೂ ಅಷ್ಟೆ: ಇಪ್ಪತ್ತೈದು ವರ್ಷ ನೀವು ಪರೀಕ್ಷೆಗೆ ಬರಬೇಕು’ ಎಂದರು.

ಇಪ್ಪತ್ತೈದು ವರ್ಷ! ನನಗಾಗ ನಲವತ್ತನಾಲ್ಕು, ಅಂದರೆ ಅರವತ್ತೊಂಬತ್ತರವರೆಗೆ. ಹಾಲು ಉಕ್ಕುವವರೆಗೆ ನಿಲ್ಲಲಾರದವಳಿಗೆ ಇದೊಂದು ಜೀವಾವಧಿ ಶಿಕ್ಷೆ ಎನ್ನಿಸಿ ನಕ್ಕುಬಿಟ್ಟೆ. ನಗುತ್ತ ಕಣ್ಣಲ್ಲಿ ನೀರೂ ಬಂತು. ಆಕೆ ಮೇಜಿನ ಮೇಲಿನ ನೀರಿನ ಲೋಟವನ್ನು ನನ್ನ ಕಡೆ ಸರಿಸಿ ಸುಮ್ಮನೆ ಕುಳಿತರು. ಆ ನೀರು ಕುಡಿಯುವಾಗಲೇ ನಿರ್ಧಾರವಾಯಿತೆಂದು ತೋರುತ್ತದೆ. ಕಾಯುವುದು ಹೇಗೂ ತಪ್ಪದು; ಹಾಗಿರುವಾಗ ಅದನ್ನು ತಪ್ಪಿಸಿಕೊಳ್ಳುವ ಒಂದೇ ಆಸೆಗೆ ದೊಡ್ಡ ಶಸ್ತ್ರಚಿಕಿತ್ಸೆ ಏಕೆ? ಇನ್ನೊಮ್ಮೆ ಲೀಪ್ ಎಂದೆ. ಅದರಲ್ಲೂ ಅಂಚು ಶುದ್ಧವಾಗದಿದ್ದರೆ ಗರ್ಭಕೋಶ ತೆಗೆಯಲು ಒಪ್ಪಿಗೆಯೆಂದೂ ಹೇಳಿದೆ. ತೆಗೆಸಿಕೊಂಡವರನ್ನು ನಾನು ಹಳಿಯುತ್ತಿಲ್ಲ; ಕೆಲವರಿಗೆ ಅದೇ ಸರಿಯಾದ ದಾರಿ. ನನಗೆ ಬೇಕಾಗಿದ್ದುದು ಆ ಬಾಗಿಲು ಕೊನೆಯದಾಗಿರಬೇಕು, ಮೊದಲನೆಯದಾಗಬಾರದು ಎಂಬುದಷ್ಟೇ.

2024ರ ಮಳೆಗಾಲದಲ್ಲಿ ಅದು ಮುಗಿಯಿತು. ತುಂಡಿನಲ್ಲಿ ಕ್ಯಾನ್ಸರಿರಲಿಲ್ಲ; ಅಂಚುಗಳು ಶುದ್ಧವಾಗಿದ್ದುವು. ಆರು ತಿಂಗಳಿಗೆ ವೈರಾಣುವೂ ಕಾಣಲಿಲ್ಲ. 2025ರ ಪರೀಕ್ಷೆಯಲ್ಲೂ ಇಲ್ಲ. ವರ್ಷಕ್ಕೊಮ್ಮೆಯಂತೆ ಮೂರು ವರ್ಷ, ಆಮೇಲೆ ಮೂರು ವರ್ಷಕ್ಕೊಮ್ಮೆ. ‘ವಾಸಿಯಾಯಿತೇ?’ ಎಂದು ಕೇಳುವವರಿಗೆ ‘ಸದ್ಯಕ್ಕೆ’ ಎನ್ನುತ್ತೇನೆ. ಮೊದಲು ಆ ಪದ ನನಗೆ ಹಿಡಿಸುತ್ತಿರಲಿಲ್ಲ. ಈಗ ಯೋಚಿಸಿದರೆ, ನಮ್ಮ ಆರೋಗ್ಯವೆಲ್ಲ ಸದ್ಯಕ್ಕೇ ಅಲ್ಲವೇ? ನನಗೆ ಮಾತ್ರ ಅದನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದಾರೆ.

ನಮ್ಮ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲವೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಪರೀಕ್ಷೆಗೆ ಬೆಲೆಯಿಲ್ಲವೆಂದಲ್ಲ. ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, 1,30,000ಕ್ಕೂ ಹೆಚ್ಚು ಹಳ್ಳಿಯ ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು: ಜೀವಮಾನದಲ್ಲಿ ಒಂದೇ ಒಂದು ಬಾರಿ ವೈರಾಣುವಿನ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟದ್ದರಿಂದಲೇ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕಿಳಿಯಿತು. ಈಗ ಹೆಂಗಸು ತಾನೇ ಮರೆಯಲ್ಲಿ ಮಾದರಿ ತೆಗೆದುಕೊಡುವ ವಿಧಾನವೂ ಬಂದಿದೆ. ದೊಡ್ಡಮ್ಮನ ಕಾಲಕ್ಕೆ ಅದಿದ್ದಿದ್ದರೆ! ಬಾಯಿಬಿಟ್ಟು ಹೇಳಲಾರದ್ದನ್ನು ಒಂದು ಕುಂಚದಲ್ಲಿ ಹೇಳಿ ಕಳಿಸುತ್ತಿದ್ದರು.

ಇನ್ನು ಮಗಳ ಮಾತು. ಅವಳಿಗೆ ಹದಿಮೂರು. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ‘ಸರ್ವಾವ್ಯಾಕ್’ ಎಂಬ ಲಸಿಕೆ 2023ರಲ್ಲಿ ಬಳಕೆಗೆ ಬಂತು. ವೈರಾಣು ತಗಲುವ ಮುನ್ನ, ಎಳೆಯ ವಯಸ್ಸಿನಲ್ಲೇ ಕೊಡಬೇಕಾದ್ದು ಅದು. ಕೊಡಿಸಿಕೊಂಡು ಬರುವಾಗ, ‘ಇದು ಯಾತಕ್ಕಮ್ಮ?’ ಎಂದು ಕೇಳಿದಳು. ‘ಒಳಗಡೆ’, ‘ಕೆಳಗಡೆ’ ಎಂದು ನಾಲಗೆಯ ತುದಿಗೆ ಬಂತು. ನುಂಗಿಕೊಂಡು, ಆಟೋದಲ್ಲಿ ಕುಳಿತು, ಗರ್ಭಕೊರಳೆಂದರೆ ಏನು, ದೊಡ್ಡಜ್ಜಿಗೆ ಏನಾಯಿತು, ನನಗೆ ಏನಾಯಿತು ಎಂದೆಲ್ಲ ಹೇಳಿದೆ. ಮೆಟ್ರೊಪೋಲ್ ವೃತ್ತ ದಾಟುವ ಹೊತ್ತಿಗೆ ಹೇಳಿ ಮುಗಿದಿತ್ತು. ಮೂರು ತಲೆಮಾರಿಗೆ ಆಡಲಾಗದ ಮಾತು ಐದು ನಿಮಿಷದ್ದೆಂದು ಆಗ ತಿಳಿಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ಮುಂದಿನ ಪರೀಕ್ಷೆ ಯಾವತ್ತು?’ ಎಂದಳು. ಮನೆಗೆ ಬಂದವಳೇ ಗೋಡೆಯ ಪಂಚಾಂಗದಲ್ಲಿ ಆ ದಿನದ ಸುತ್ತ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದಳು.

ಇದನ್ನು ಬರೆಯುತ್ತಿರುವಾಗ ಒಲೆಯ ಮೇಲೆ ಹಾಲಿಟ್ಟಿದ್ದೇನೆ. ಅತ್ತೆಯವರು ನಡುಮನೆಯಿಂದ ಆಗಲೇ ಎರಡು ಬಾರಿ ಕೂಗಿದರು. ಇಲ್ಲ, ಈ ಸಲ ಉಕ್ಕಗೊಡುವುದಿಲ್ಲ. ಎದ್ದು ಹೋಗಿ ಎದುರಿಗೇ ನಿಂತುಕೊಳ್ಳುತ್ತೇನೆ.